ಕಾಳಿ ಮೂರರಿಂದ ಕಾಳಿ ಒಂದಕ್ಕೆ

ನನ್ನ ಅಂಗಡಿಯ ಗಾಜಿಗೆ ಕಲ್ಲು ಬಿದ್ದಾಗ ನಾನು ಹಾಡಿನ ರೆಕಾರ್ಡಿಂಗಿನಿಂದ ಅಜ್ಜನ ಕೆಮ್ಮನ್ನು ಕತ್ತರಿಸುತ್ತಿದ್ದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದೇ ನಿಜವಾಗಿಬಿಟ್ಟಿದೆ. ಆದರೆ ಆ ಕೆಲಸದ ಫೈಲುಗಳು ಕಂಪ್ಯೂಟರಿನಲ್ಲಿ ಇನ್ನೂ ಇವೆ. ಅವುಗಳ ಪ್ರಕಾರ ಕೆಮ್ಮು ಎಂದೋ ಹೋಗಿತ್ತು, ವಿಡಿಯೊ ಊರೂರು ತಿರುಗುತ್ತಿತ್ತು, ಕಲ್ಲು ಬಿದ್ದಾಗ ನಾನು ಯಾರದೋ ಮದುವೆಯ ಅಕ್ಷತೆಗೆ ಬಣ್ಣ ಸರಿಪಡಿಸುತ್ತಿದ್ದೆ. ಆದ್ದರಿಂದ ಇಲ್ಲಿ ನನಗೆ ನೆನಪಿರುವುದನ್ನೂ ಯಂತ್ರಕ್ಕೆ ನೆನಪಿರುವುದನ್ನೂ ಬೇರೆ ಬೇರೆ ಇಡಲು ನೋಡುತ್ತೇನೆ. ಎರಡೂ ಹೊಂದದ ಕಡೆ ಹೊಲಿಗೆ ಹಾಕುವುದಿಲ್ಲ.

ಶಹಾಬಾದಿನಲ್ಲಿ ನನ್ನದು ಮದುವೆ, ಕುಬಸ, ಗೃಹಪ್ರವೇಶಗಳ ವಿಡಿಯೊ ಮಾಡುವ ಅಂಗಡಿ. ಅಜ್ಜ ನನ್ನ ಸ್ವಂತ ಅಜ್ಜನಲ್ಲ, ಎಲ್ಲರೂ ಹಾಗೆ ಕರೆಯುವವರು; ಚಿಂಚೋಳಿ ತಾಲೂಕಿನ ಕೊಡ್ಲಿಯವರು, ಎಂಬತ್ತರ ಹತ್ತಿರದ ತತ್ವಪದದ ಹಾಡುಗಾರರು. ಚಿತ್ತಾಪುರದ ಮಂಗಲ ಕಾರ್ಯಾಲಯದಲ್ಲಿ ಅವರ ಹಾಡಿಕೆ ಇದೆ, ಚಿತ್ರೀಕರಿಸಬೇಕು ಎಂದು ನನ್ನನ್ನು ಕರೆದದ್ದು ಅವರ ಅಭಿಮಾನಿ ಬಳಗ.

ನಮ್ಮ ಕಡೆ ಭಜನೆಗೆ ಬಂದವನು ಮೊದಲು ಕೇಳುವುದಿಲ್ಲ, ನೋಡುತ್ತಾನೆ. ಪೇಟಿ ಬಾರಿಸುವವನ ಬೆರಳು ಯಾವ ಮನೆಯ ಮೇಲೆ ಕೂತಿದೆ ಎಂದು ನೋಡುತ್ತಾನೆ. ಪೇಟಿ ಎಂದರೆ ಹಾರ್ಮೋನಿಯಂ, ಮನೆ ಎಂದರೆ ಬೆರಳು ಒತ್ತುವ ಅದರ ಪಟ್ಟಿ. ಅದರ ಕಪ್ಪು ಮನೆಗೆ ಕಾಳಿ ಎನ್ನುತ್ತಾರೆ. ಕಾಳಿ ಒಂದು ಸಾಧಾರಣ ಗಂಡಸಿನ ಶ್ರುತಿ. ಕಾಳಿ ಮೂರು ಗಂಟಲು ಹರಿಯುವ ಎತ್ತರ. ಊರಿಗೊಂದು ಭಜನಾ ಮೇಳ, ಮೇಳಕ್ಕೊಂದು ಪೇಟಿ ಇರುವುದರಿಂದ ಈ ಲೆಕ್ಕ ಎಮ್ಮೆ ಕಾಯುವವನಿಗೂ ಗೊತ್ತು. ಅಜ್ಜ ಜೀವಮಾನವೆಲ್ಲ ಕಾಳಿ ಮೂರರಲ್ಲಿ ಹಾಡಿದವರು. ಅಭಿಮಾನಿ ಬಳಗದ ಮುಖ್ಯಸ್ಥರು ಸೇಡಂನಲ್ಲಿ ಎಣ್ಣೆ ಅಂಗಡಿ ಇಟ್ಟ ಸಾವ್ಕಾರರು. ತಮ್ಮ ಸರಕಿನ ಟೆಂಪೊದ ಹಿಂದೆ ‘ಕಾಳಿ ಮೂರು’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಹರೆಯದಲ್ಲಿ ಅವರೂ ಅಜ್ಜನ ಹಿಮ್ಮೇಳದಲ್ಲಿ ಕೂತವರೇ. ಅಜ್ಜ ಎತ್ತಿದ ಸಾಲನ್ನು ಅಷ್ಟೇ ಎತ್ತರದಲ್ಲಿ ಹಿಂದಿನಿಂದ ಎತ್ತುತ್ತಿದ್ದರಂತೆ. ನಾನು ಅದನ್ನು ಕೇಳಿಲ್ಲ.

ಹಾಡಿಕೆ ಮಧ್ಯಾಹ್ನದ್ದು. ಅಜ್ಜನ ಮುಂದೆ ಒಂದು ಮೈಕು, ಪೇಟಿಗೆ ಒಂದು, ತಬಲಾಕ್ಕೆ ಒಂದು. ಮಿಕ್ಸರಿನಿಂದ ನೇರವಾಗಿ ಒಂದು ತಂತಿ ನನ್ನ ರೆಕಾರ್ಡರಿಗೆ. ಒಂದು ಕ್ಯಾಮೆರಾ ಸಭಾಂಗಣದ ಹಿಂದೆ, ಒಂದು ಅಜ್ಜನ ಮುಖಕ್ಕೆ. ಮೂರನೆಯದು ಬೆಂಕಿಪೆಟ್ಟಿಗೆಯಷ್ಟು ಚಿಕ್ಕದು. ಧ್ವನಿ ಮತ್ತು ಚಿತ್ರ ಹೊಂದಿಸುವಾಗ ನನಗೊಬ್ಬನಿಗೆ ಬೇಕೆಂದು ತಬಲಾದ ಪಕ್ಕ ನೆಲಕ್ಕೆ ಅಂಟಿಸಿದ್ದೆ. ಅದಕ್ಕೆ ಕಾಣುತ್ತಿದ್ದದ್ದು ಬದಿಯಿಂದ ಪೇಟಿ ಮಾಸ್ತರರು, ಒಂದು ನೀರಿನ ಬಾಟಲಿ, ಅಜ್ಜನ ಶಾಲಿನ ಅಡಿ. ಸುಂದರ ಚಿತ್ರವಲ್ಲ.

ಎರಡನೆಯ ಪದದ ನಡುವೆ ಅಜ್ಜನ ಧ್ವನಿ ಹರಿಯಿತು. ಎತ್ತರದ ಸಾಲಿಗೆ ಹೋದರು, ಅಲ್ಲಿ ಸ್ವರ ಇರಲಿಲ್ಲ, ಬರೀ ಗಾಳಿ ಬಂತು. ತಬಲಾದವನು ಎರಡು ಆವರ್ತನ ಹೆಚ್ಚಿಗೆ ಬಾರಿಸಿ ಜಾಗ ತುಂಬಿದ. ಆ ಗದ್ದಲದೊಳಗೆ ಮಾಸ್ತರರ ಬೆರಳು ಕಾಳಿ ಮೂರರಿಂದ ಕಾಳಿ ಒಂದಕ್ಕೆ ಇಳಿಯಿತು. ಅಜ್ಜ ಅಲ್ಲಿಂದ ಮತ್ತೆ ಎತ್ತಿಕೊಂಡು, ಕಾರ್ಯಕ್ರಮ ಮುಗಿಯುವತನಕ ತಗ್ಗಿನಲ್ಲೇ ಹಾಡಿದರು. ಗೊಗ್ಗರು ಧ್ವನಿ, ಒಂದೊಂದು ಶಬ್ದವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ನನ್ನ ನೆನಪಿನಲ್ಲಿ ಆಗ ಸಭೆ ಸ್ತಬ್ಧವಾಗಿತ್ತು. ಹಿಂದಿನ ಕ್ಯಾಮೆರಾದ ಪ್ರಕಾರ ಸುಮಾರು ಅರ್ಧ ಜನ ಎದ್ದು ಊಟದ ಕಡೆ ಹೋಗುತ್ತಿದ್ದರು.

ಅಂದು ಯಾರೂ ಜಗಳವಾಡಲಿಲ್ಲ. ಹೋಗಿ ಊಟ ಮಾಡಿದರು. ಜಗಳಕ್ಕೆ ಮತ್ತೆ ಮತ್ತೆ ನೋಡುವ ಸೌಲಭ್ಯ ಬೇಕಿತ್ತು. ಅದನ್ನು ಒದಗಿಸಿದವನು ನಾನು.

ಫ್ಯಾನಿನ ಗಾಳಿ ತೆಗೆದೆ, ಕೆಮ್ಮು ತೆಗೆದೆ, ಮೂರು ಮೈಕುಗಳನ್ನು ಹೊಂದಿಸಿದೆ. ಶ್ರುತಿಗೆ ಕೈ ಹಚ್ಚಲಿಲ್ಲ. ಹಾರ ಹಾಕಿದ ಮೈಕಿನ ಕಂಬ ಎರಡೂ ದೊಡ್ಡ ಕ್ಯಾಮೆರಾಗಳಿಗೆ ಸರಿಯಾಗಿ ಅಡ್ಡ ಬಂದು ಮಾಸ್ತರರ ಕೈ ಮುಚ್ಚಿತ್ತು. ಇಳಿದದ್ದು ಕಿವಿಗೆ ಗೊತ್ತಾಗುತ್ತಿತ್ತು. ಹೇಗೆ ಇಳಿಯಿತು, ಯಾರ ಮಾತಿಗೆ ಇಳಿಯಿತು ಎನ್ನುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಹಾಗೆಯೇ ಅಂತರ್ಜಾಲಕ್ಕೆ ಹಾಕಿದೆ.

ವಿಡಿಯೊದ ಕೆಳಗೆ ಮೊದಲು ಬಂದ ಮಾತುಗಳು ಸಣ್ಣವು. ‘ಅಜ್ಜಾರಿಗಿ ಶರಣು.’ ‘ಇಷ್ಟ್ ವರ್ಷ ಕೇಳೀನಿ, ಪದದ ಅರ್ಥ ಇವತ್ತ ತಿಳೀತು.’ ಅದರ ಕೆಳಗೆ ಸೇಡಂ ಕಡೆಯವನೊಬ್ಬ: ‘ಅರ್ಥ ಬೇಕಾದ್ರ ಸಾಲಿಗಿ ಹೋಗು. ಇದು ಅಜ್ಜ ಅಲ್ಲ, ಅಜ್ಜನ ಹೆಣ.’ ಅದಕ್ಕೆ ತಗ್ಗಿನ ಹಾಡಿಕೆ ಮೆಚ್ಚಿದ ಚಿಂಚೋಳಿಯವನೊಬ್ಬ: ‘ಹೆಣ ಅಂದಾವ ಎಲ್ಲಿದ್ದಿ, ಊರ ಹೆಸರ ಹಾಕು.’ ಅವನು ಹೆಸರು ಹಾಕಿದ. ಮರುದಿನ ಆ ಊರಿನ ಬಸ್ ನಿಲ್ದಾಣದಲ್ಲಿ ಒಬ್ಬನ ಹಲ್ಲು ಬಿತ್ತು. ಮಳಖೇಡದಲ್ಲಿ ಒಂದು ಮೇಳ ಈ ವಿಡಿಯೊ ನೋಡುತ್ತ ನೋಡುತ್ತ ಎರಡಾಗಿ, ತಮ್ಮದೇ ತಬಲಾ ಜೋಡಿಯ ಡಗ್ಗಾದ ಚರ್ಮವನ್ನು ಚಾಕುವಿನಿಂದ ಸೀಳಿಕೊಂಡಿತು. ವಾಡಿಯ ಚಹಾದಂಗಡಿಯಲ್ಲಿ ಕುದಿಯುವ ಚಹಾ ಒಬ್ಬನ ಕುತ್ತಿಗೆಗೆ ಬಿತ್ತು. ಇವೆಲ್ಲ ಕೇಳಿದ್ದು. ಸೀಳಿದ ಡಗ್ಗಾ ಮಾತ್ರ ನೋಡಿದ್ದೇನೆ. ಅದರ ಫೋಟೊವನ್ನೂ ಯಾರೋ ನನ್ನ ವಿಡಿಯೊದ ಕೆಳಗೇ ಹಾಕಿದರು.

ನಂತರ ಒಂದೇ ಮಾತು ಸಾಲುಸಾಲಾಗಿ ಬರತೊಡಗಿತು. ‘ಬೆರಳು ತೋರ್ಸು.’

ಕಲ್ಲು ಬಿದ್ದದ್ದು ಆಮೇಲೆ. ಗಾಜು ಒಡೆದ ಹಿಂದೆಯೇ ಸಾವ್ಕಾರರು ಒಳಗೆ ಬಂದರು, ಅವರ ಹಿಂದೆ ನಾಲ್ಕೈದು ಗಂಡಸರು.

“ಏರ್ಸು,” ಅಂದರು.

“ಏನು ಏರಿಸ್ಲಿ, ಸಾವ್ಕಾರ್ರ?”

“ಆವಾಜ. ಕಂಪ್ಯೂಟರದಾಗ ಆಗ್ತದಂತಲ್ಲ.”

ಜಗಳ ಬೇಡವೆಂದು ಮಾಡಿ ತೋರಿಸಿದೆ. ಕರಿ ಬಿಳಿ ಸೇರಿ ಐದು ಮನೆ ಮೇಲಕ್ಕೆ ಎಳೆದೆ. ಅಜ್ಜನ ಧ್ವನಿ ಸಣ್ಣಗಾಗಿ, ತಗಡಿನಂತಾಗಿ, ಎಲ್ಲಿಂದಲೋ ಬಂದಂತಾಯಿತು.

“ಇದ್ಯಾಕೊ ಅಜ್ಜಗ ಹಾಲಹಲ್ಲು ಬಂದಂಗ ಆಯ್ತು,” ಎಂದು ಒಬ್ಬ ನಕ್ಕ. ಉಳಿದವರೂ ನಕ್ಕರು.

ಸಾವ್ಕಾರರು ನಗಲಿಲ್ಲ. ಕಣ್ಣು ಮುಚ್ಚಿದ್ದರು. ತುಟಿ ಅಲ್ಲಾಡುತ್ತಿತ್ತು.

“ಇದೇ,” ಅಂದರು. “ಇದೇ ಅವರ ಆವಾಜ. ಇದನ್ನ ಹಾಕು.”

“ಇದು ಹಾಡಿದ್ದಲ್ರಿ. ಯಂತ್ರ ಎಳದದ್ದು. ನಾ ಹಾಕಂಗಿಲ್ಲ.”

“ಹಂಗಾರ ಇದನ್ನ ಕೆಡಿಸಿದವರು ಯಾರು? ನೀ ಇಳಿಸೀಯೊ, ಆ ಮಾಸ್ತರ ಇಳಿಸ್ಯಾನೊ?”

“ನಾ ಇಳಿಸಿಲ್ರಿ.”

ಅದು ನಿಜವಾದ ಉತ್ತರ. ಅದು ಇನ್ನೊಬ್ಬನ ಹೆಸರು ಹೇಳಿದಂತೆ ಎನ್ನುವುದು ಮಾತು ಹೊರಗೆ ಬಿದ್ದ ಮೇಲೆ ನನಗೆ ಕೇಳಿಸಿತು.

“ಗೊತ್ತಿತ್ತು,” ಅಂದರು ಸಾವ್ಕಾರರು. “ಚಿಂಚೋಳಿ ಮಂದಿ ಅವಗ ಖರೀದಿ ಮಾಡ್ಯಾರ. ನಡು ಪದದಾಗ ಕಾಲ ಹಿಡದು ಎಳದಾನ. ಅಜ್ಜಾರು ಸಭಾದಾಗ ಏನ್ ಮಾಡ್ಬೇಕು ಪಾಪ, ಅವ ಇಳಿಸಿದಲ್ಲಿ ಹಾಡ್ಯಾರ.”

“ಮಾಸ್ತರಗ ಅನಬ್ಯಾಡ್ರಿ.”

“ಹಂಗಾರ ಬೆರಳು ತೋರ್ಸು.”

ಒಬ್ಬ ಟ್ರೈಪಾಡ್ ಎತ್ತಿ ಪರದೆಗೆ ಬಾರಿಸಿದ. ಇನ್ನೊಬ್ಬ ನನ್ನ ಕಿವಿಯ ಮೇಲೆ ಹೊಡೆದ. ಎಡಗಿವಿಯೊ ಬಲಗಿವಿಯೊ, ಈಗ ಕೇಳಿದರೆ ಹೇಳಲಾರೆ. ಅವರು ಹೋದ ಮೇಲೆ ಗಾಜು ಗುಡಿಸಿ, ಹಳೆಯ ಪರದೆಯೊಂದನ್ನು ಜೋಡಿಸಿ, ಮೂರನೆಯ ಕ್ಯಾಮೆರಾದ ಚಿತ್ರವನ್ನು ಮೊದಲ ಸಲ ಪೂರ್ತಿ ನೋಡಿದೆ.

ಅದರಲ್ಲಿತ್ತು. ಸ್ವರ ಹರಿಯುತ್ತದೆ. ಶಾಲಿನ ಅಡಿಯಿಂದ ಅಜ್ಜನ ಎಡಗೈ ಹೊರಬರುತ್ತದೆ. ಎರಡು ಬೆರಳು ಮಾಸ್ತರರ ಮೊಣಕಾಲ ಮೇಲೆ ಕೂತು, ಕೆಳಕ್ಕೆ ಒತ್ತುತ್ತವೆ. ಮಾಸ್ತರರು ಒಮ್ಮೆ ತಲೆ ಅಲ್ಲಾಡಿಸುತ್ತಾರೆ, ಬೇಡ ಎನ್ನುವಂತೆ. ಬೆರಳು ಮತ್ತೊಮ್ಮೆ ಒತ್ತುತ್ತವೆ. ಆಗ ಅವರು ಇಳಿಸುತ್ತಾರೆ. ಇಳಿಸಿದವರು ಮಾಸ್ತರರೇ. ಇಳಿಸು ಎಂದವರು ಅಜ್ಜ.

ಇದನ್ನು ಹಾಕಿದರೆ ಮಾಸ್ತರರು ಉಳಿಯುತ್ತಿದ್ದರು. ಆದರೆ ಕೇಳದೆ ಹಾಕುವಂಥದ್ದಲ್ಲ ಎನಿಸಿತು. ಬಸ್ಸು ಹತ್ತಿ ಕೊಡ್ಲಿಗೆ ಹೋದೆ.

ಅಜ್ಜ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಪಿಸುಮಾತಿನಲ್ಲಿ, “ತಮ್ಮಾ, ಚಾ ಆಯ್ತ?” ಅಂದರು. ಮೊಬೈಲಿನಲ್ಲಿ ಆ ತುಣುಕು ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಈ ಕೈ ನಂದೇನು? ಭಾಳ ಮುದಿ ಆಗ್ಯಾದ.”

“ಇದನ್ನ ಹಾಕಿದ್ರ ಮಾಸ್ತರ್ರಿಗಿ ತ್ರಾಸ ತಪ್ತದ, ಅಜ್ಜಾರ.”

“ಹಾಕಬ್ಯಾಡ.”

“ಅವರ ಮ್ಯಾಲೆ ಬಂದಾರ್ರಿ ಮಂದಿ.”

“ತಮ್ಮಾ, ಮೊಣಕಾಲ ಮ್ಯಾಲೆ ಕೈ ಇಟ್ಟದ್ದು ಅವಂದು ನಂದು ಮಾತು. ಗಂಡ ಹೆಂಡ್ತಿ ಖೋಲ್ಯಾಗ ಬಾಗಲಾ ಹಾಕ್ಕೊಂಡು ಆಡಿದ ಮಾತು ಇದ್ದಂಗ. ಅದನ್ನ ಬಜಾರಿಗಿ ತರ್ತಿ?”

“ಹೊಡೀತಾರ್ರಿ ಅವರಿಗಿ.”

“ಯಾರು, ನನ್ನ ಮಂದಿ?” ಅಜ್ಜನಿಗೆ ನಗು ಬಂತು, ನಕ್ಕರೆ ನೋಯುತ್ತಿತ್ತು, ಮಫ್ಲರ್ ಹಿಡಿದುಕೊಂಡರು. “ಬೈತಾರ. ಹೊಡಿಯಂಗಿಲ್ಲ. ಭಜನಿ ಮಂದಿ ಅವರು.”

ಅಲ್ಲಿಂದಲೇ ಮಾಸ್ತರರಿಗೆ ಫೋನು ಮಾಡಿದೆ. ಅವರು ವಾಡಿಯವರು. ಹಿಂದೆ ಗಾಡಿ ಹೋಗುವ ಸದ್ದು ಕೇಳುತ್ತಿತ್ತು.

“ಅಜ್ಜಾರು ಬ್ಯಾಡ ಅಂದ್ರ ಬ್ಯಾಡ್ರಿ,” ಅಂದರು. “ಮತ್ತ ಒಂದ್ ಮಾತು ನೋಡ್ರಿ, ತಬಲಾ ಇದ್ದದ್ದು ಕಾಳಿ ಮೂರಕ್ಕ. ನಾ ಕಾಳಿ ಎರಡಕ್ಕ ಇಳಿಸಿದ್ರ ತಬಲಾ ಜಗಳಾ ಮಾಡ್ತಿತ್ತು. ಕಾಳಿ ಒಂದಕ್ಕ ಹೋದ್ರ ಅದು ಮಧ್ಯಮ ಆಗಿ ಕೂಡ್ತು. ಅದನ್ನ ಯಾರೂ ಬರದಿಲ್ಲ ನೋಡ್ರಿ ಕೆಳಗ. ಬರೀ ಬೈದಾರ.”

“ಎಚ್ಚರದಿಂದ ಇರ್ರಿ, ಮಾಸ್ತರ್ರ.”

“ನನಗ ಹೊಡದು ಏನ್ ಸಿಗ್ತದ? ಕಿಸೆದಾಗ ಅಡಕಿ ಸೈತ ಇಲ್ಲ.”

ಮರಳಿ ಬರುವಾಗ ಬಸ್ಸು ಮಳಖೇಡದ ಕಾಗಿಣಾ ಸೇತುವೆಯ ಮೇಲಿದ್ದಾಗ ಸುದ್ದಿ ಬಂತು ಎಂದು ನನಗೆ ನೆನಪು. ಕೆಳಗೆ ನೀರು, ದೂರದಲ್ಲಿ ಸಿಮೆಂಟಿನ ಚಿಮಣಿ, ಕಿವಿಯಲ್ಲಿ ಆ ಮಾತು. ಫೋನಿನ ದಾಖಲೆ ನೋಡಿದರೆ ಆಗ ನಾನು ಮನೆಗೆ ಬಂದು ಊಟಕ್ಕೆ ಕೂತಿರಬೇಕು. ಸೇತುವೆಯನ್ನು ನಾನೇ ತಂದು ಜೋಡಿಸಿದ್ದೇನೆ. ಊಟ ಮಾಡುತ್ತಿದ್ದೆ ಎನ್ನುವುದನ್ನು ನೆನಪು ಒಪ್ಪುವುದಿಲ್ಲ.

ವಾಡಿಯಲ್ಲಿ ಹಾಡುಹಗಲೇ ಮಾಸ್ತರರನ್ನು ಚಹಾದಂಗಡಿಯಿಂದ ಎಬ್ಬಿಸಿಕೊಂಡು ಹೋಗಿದ್ದರು. ಹತ್ತಿರದಲ್ಲೇ ಒಂದು ಗೋಡೆಯ ಹಿಂದೆ, ನೆಲಕ್ಕೆ ಹಾಸುವ ಫರಸಿ ಕಲ್ಲು ಪೇರಿಸಿಟ್ಟ ಜಾಗ. ಬೆರಳು ತೋರಿಸು ಅಂದರಂತೆ. ಅವರು ತಮಾಷೆ ಎಂದುಕೊಂಡು ಬಲಗೈ ಚಾಚಿದರಂತೆ. ಇಬ್ಬರು ಮಣಿಕಟ್ಟು ಹಿಡಿದು ಕೈಯನ್ನು ಹಾಸುಗಲ್ಲಿನ ಮೇಲೆ ಒತ್ತಿದರು. ಮೂರನೆಯವನು ಇನ್ನೊಂದು ಫರಸಿ ಎತ್ತಿ ಬಿಟ್ಟ. ಮೊದಲ ಏಟಿಗೆ ಕಲ್ಲು ಒಡೆಯಿತು. ಇನ್ನೊಂದು ತಂದರು.

ಕಲಬುರಗಿಯ ಆಸ್ಪತ್ರೆಯಲ್ಲಿ ಅವರ ಕೈ ಬಿಳಿ ಗಂಟಾಗಿತ್ತು. ಬಟ್ಟೆಯ ಒಳಗಿಂದ ಕಂದು ಬಣ್ಣ ಮೇಲೆ ಬರುತ್ತಿತ್ತು. ತುಟಿ ಒಡೆದಿತ್ತು.

“ಹೆಬ್ಬೆರಳು, ಕಿರುಬೆರಳು ಉಳದಾವಂತ,” ಅಂದರು. “ನಡುವಿನವು ಡಾಕ್ಟರ್ ಕೈಯಾಗ ಇಲ್ಲಂತ. ಎರಡರಾಗ ಆರತಿ ಬಾರಿಸ್ಬಹುದು.”

“ಯಾರು ಅಂತ ಪೊಲೀಸರಿಗಿ ಹೇಳೀರೇನು?”

“ಹೇಳೀನಿ. ನಮ್ಮ ಮಂದೀನೇ. ಒಬ್ಬವಗ ನಾನೇ ಸರಿಗಮ ಕಲಿಸೀನಿ.” ಎಡಗೈಯಿಂದ ತುಟಿ ಒರೆಸಿಕೊಂಡು, “ಅಂವ ಕಲ್ಲು ಎತ್ತವಾಗ ಅಳಾಕತ್ತಿದ್ದ,” ಅಂದರು.

ಅವರಲ್ಲಿ ಇಬ್ಬರು ಸಿಕ್ಕಿದರು. ಸಾವ್ಕಾರರು ಜಾಗದಲ್ಲಿ ಇರಲಿಲ್ಲ. ಕಳಿಸಿದವರು ಅವರೇ ಎಂದು ಎಲ್ಲರೂ ಹೇಳುತ್ತಿದ್ದರು. ಬರೆದು ಸಹಿ ಮಾಡುವವರು ಇರಲಿಲ್ಲ.

ಅಂಗಡಿಗೆ ಬಂದು ಮೂರನೆಯ ಕ್ಯಾಮೆರಾದ ಆ ತುಣುಕು ಹೊರತೆಗೆದೆ. ಬಣ್ಣ ಸರಿಪಡಿಸಲಿಲ್ಲ, ನೀರಿನ ಬಾಟಲಿ ಮುಚ್ಚಲಿಲ್ಲ, ನಿಧಾನ ಮಾಡಿ ತೋರಿಸಲಿಲ್ಲ, ಬಾಣದ ಗುರುತು ಹಾಕಲಿಲ್ಲ. ಸ್ವರ ಹರಿಯುವ ಮೊದಲಿನಿಂದ, ಅಜ್ಜ ತಗ್ಗಿನಲ್ಲಿ ಸಾಲು ಎತ್ತಿಕೊಳ್ಳುವತನಕ ಒಂದೇ ಹಿಡಿತ, ಎಲ್ಲಿಯೂ ಕತ್ತರಿ ಇಲ್ಲ. ಅಜ್ಜ ಬೇಡ ಅಂದದ್ದು ನೆನಪಿತ್ತು. ಹಾಕಿದೆ.

ಎಲ್ಲ ಅಲ್ಲಿಗೆ ಮುಗಿಯುತ್ತದೆ ಎಂದು ನಂಬಿದ್ದೆ. ಕಣ್ಣಿಗೆ ಕಂಡದ್ದನ್ನು ಜನ ಒಪ್ಪುತ್ತಾರೆ ಎನ್ನುವುದು ನನ್ನ ಕಸುಬಿನ ಮೂಢನಂಬಿಕೆ. ‘ಕಣ್ಣಾಗ ನೀರು ಬಂತು, ಮಾಸ್ತರ್ರ ಕ್ಷಮಾ ಮಾಡ್ರಿ’ ಎಂದು ಬರೆದವರಿದ್ದರು. ‘ಅಜ್ಜಾರು ಒತ್ತಿದ್ದು ಏರ್ಸು ಅಂತ. ಮಾಸ್ತರ ಬೇಕಂತ ಇಳಿಸ್ಯಾನ. ತಲಿ ಅಲ್ಲಾಡಿಸಿದ್ದು ನೋಡ್ರಿ’ ಎಂದೂ ಬರೆದರು. ‘ಅಜ್ಜನ ಕೈ ನಡುಗ್ಯಾದ, ಅಷ್ಟೇ.’ ‘ಆ ಕೈ ಅಜ್ಜಂದೇ ಅಲ್ಲ.’ ‘ಮುದುಕಗ ಹಾಡಾಕ ಆಗಲಿಲ್ಲ, ಪಾಪದ ಮಾಸ್ತರನ ಕೈ ತಿಂದ.’ ಇದನ್ನು ಬರೆದವನ ಮನೆಯ ಮುಂದಿದ್ದ ಬೈಕಿಗೆ ಅಂದು ಸಂಜೆಯೇ ಬೆಂಕಿ ಬಿತ್ತು.

ಮರುದಿನ ಬೆಳಿಗ್ಗೆ ಅಜ್ಜ ನನ್ನ ಅಂಗಡಿಗೆ ಬಂದರು. ಬಸ್ಸಿನ ಧೂಳು ಮೈಮೇಲಿತ್ತು. ನೇರ ನನ್ನ ಕಪಾಳಕ್ಕೆ ಹೊಡೆದರು. ಮುದುಕನ ಕೈ ಎಂದು ನಾನು ತಪ್ಪಿಸಿಕೊಳ್ಳಲಿಲ್ಲ, ನೋವಾಯಿತು.

“ಇದು ಹಾಕಿದ್ದಕ್ಕ,” ಅಂದರು. ಇನ್ನೊಂದು ಹೊಡೆದರು. “ಇದು ಮೊದಲೇ ಹಾಕದೆ ನನ್ನ ಮಾತು ಕೇಳಿದ್ದಕ್ಕ.”

ಆಮೇಲೆ ಅಜ್ಜ ಅಂಗಡಿಯೊಳಗೆಲ್ಲ ಕಣ್ಣಾಡಿಸಿದರು.

“ಪೇಟಿ ಅದ ಏನು?”

ನೆರೆಯ ಮೇಳದ್ದು ಸಿಕ್ಕಿತು. ಆಟೊ ಮಾಡಿಕೊಂಡು ಸೇಡಂಗೆ ಹೋದೆವು.

ಸಾವ್ಕಾರರ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅಜ್ಜನನ್ನು ಕಂಡು ಸಾವ್ಕಾರರು ಗಲ್ಲಾ ಬಿಟ್ಟು ಓಡಿಬಂದು ಕಾಲಿಗೆ ಬಿದ್ದರು. “ಬರ್ರಿ ಅಜ್ಜಾರ, ಕುಂದ್ರಿ. ಏ, ಚಾ ತರ್ರಿ. ಖಬರ ಕೊಟ್ಟಿದ್ರ ಗಾಡಿ ಕಳಸ್ತಿದ್ನಲ್ರಿ.” ಅಜ್ಜ ಹಿಂಡಿಯ ಚೀಲದ ಮೇಲೆ ಕೂತರು. ಬಳಗದ ಗಂಡಸರು ಒಬ್ಬೊಬ್ಬರಾಗಿ ಬಾಗಿಲಲ್ಲಿ ನೆರೆದರು. ಕೆಲವರು ಮೊಬೈಲ್ ಎತ್ತಿದರು.

“ಮೊಬೈಲ್ ಒಳಗ ಇಡ್ರಿ,” ಅಂದರು ಅಜ್ಜ. ಇಟ್ಟರು.

ಆದ್ದರಿಂದ ಮುಂದಿನದಕ್ಕೆ ನನ್ನ ನೆನಪೊಂದೇ ಆಧಾರ. ಅದನ್ನು ಎಷ್ಟು ನಂಬಬೇಕು ಎನ್ನುವುದನ್ನು ಈಗಾಗಲೇ ಹೇಳಿದ್ದೇನೆ.

ಅಜ್ಜ ಪೇಟಿಯನ್ನು ನನ್ನ ಮುಂದೆ ಸರಿಸಿ, ನನ್ನ ತೋರುಬೆರಳನ್ನು ತಾವೇ ಹಿಡಿದು ಕಾಳಿ ಮೂರರ ಮೇಲೆ ಇಟ್ಟರು. “ಗಾಳಿ ಹಾಕು. ಬೆರಳು ತೆಗಿಬ್ಯಾಡ.” ಪೇಟಿ ಒಂದೇ ಸ್ವರದಲ್ಲಿ ಕೂಗತೊಡಗಿತು.

“ಹಾಡು,” ಎಂದು ಸಾವ್ಕಾರರಿಗೆ ಹೇಳಿದರು.

“ನಾನಾ? ನಾ ಏನ್ ಹಾಡ್ಲಿ, ಅಜ್ಜಾರ. ಬಿಟ್ಟು ಭಾಳ ವರ್ಷ ಆಯ್ತು.”

“ಅವತ್ತ ನಾ ಬಿಟ್ಟ ಸಾಲು ಎತ್ತು. ಹಿಂದ ಕುಂತು ಎತ್ತತಿದ್ದಿ ಅಲ್ಲ.”

“ದಮ್ಮು ಇಲ್ರಿ ಈಗ.”

“ನನಗಿಂತ ಹದಿನೈದು ವರ್ಷ ಸಣ್ಣಾವ ನೀ. ಹಾಡು.”

ಬಾಗಿಲಲ್ಲಿ ಯಾರೋ, “ಸಾವ್ಕಾರ್ರು ಬಿಡಂಗಿಲ್ಲ, ಹಾಡ್ತಾರ,” ಎಂದು ಹುರಿದುಂಬಿಸಿದ. ಸಾವ್ಕಾರರು ಎದ್ದು ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು ಎತ್ತಿದರು. ಮೊದಲ ಅರ್ಧ ಸಾಲು ಬಂತು. ಬಾಗಿಲಲ್ಲಿದ್ದವರು ತಲೆದೂಗಿದರು. ಎತ್ತರಕ್ಕೆ ಹೋಗುವ ತಿರುವಿನಲ್ಲಿ ಧ್ವನಿ ಒಡೆಯಿತು. ಕುತ್ತಿಗೆಯ ನರ ಉಬ್ಬಿ ಮುಖ ಕೆಂಪಾಯಿತು. ಕೆಮ್ಮಿ, ನೀರು ಕುಡಿದು, ಮತ್ತೆ ಎತ್ತಿದರು. ಈ ಸಲ ಅರ್ಧ ಸಾಲೂ ಬರಲಿಲ್ಲ. ಅಂಗಡಿಯಲ್ಲಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ.

“ಮತ್ತ,” ಅಂದರು ಅಜ್ಜ.

ಮೂರನೆಯ ಸಲ ಅವರ ಬಾಯಿಂದ ಬಂದದ್ದು ಸ್ವರವಲ್ಲ. ಕಂಬ ಹಿಡಿದುಕೊಂಡರು. ಕೊನೆಗೆ ಬಗ್ಗಿ, ಅಜ್ಜನಿಗೆ ಮಾತ್ರ ಕೇಳಲಿ ಎನ್ನುವಂತೆ, “ಅಜ್ಜಾರ, ಜರಾ ಇಳಸ್ರಿ,” ಅಂದರು. ನಾನು ಪಕ್ಕದಲ್ಲಿದ್ದೆ, ನನಗೂ ಕೇಳಿತು.

ಅಜ್ಜ ಎಲ್ಲರಿಗೂ ಕೇಳುವಂತೆ ಹೇಳಿದರು. ಆ ಹರಿದ ಗಂಟಲಿನಿಂದ ಅಷ್ಟು ಧ್ವನಿ ಹೇಗೆ ಬಂತೋ.

“ಯಾರಿಗಿ ಹೇಳ್ತಿ? ಇಳಸೋ ಕೈ ನಿನ್ನ ಮಂದಿ ಫರಸ್ಯಾಗ ಜಜ್ಜ್ಯಾರ. ಹಾಡು.”

ಪೇಟಿ ಕೂಗುತ್ತಲೇ ಇತ್ತು. ಕಾಳಿ ಒಂದು ನನ್ನ ಹೆಬ್ಬೆರಳಿಗೆ ಎಟುಕುವಷ್ಟೇ ದೂರದಲ್ಲಿತ್ತು. ಸಾವ್ಕಾರರು ಅಜ್ಜನನ್ನು ಬಿಟ್ಟು ನನ್ನ ಕಡೆ ನೋಡಿದರು. ನಾನು ಗಾಳಿ ಹಾಕುತ್ತ ಬೆರಳನ್ನು ಇನ್ನಷ್ಟು ಒತ್ತಿದೆ.